ಹತ್ತು ಪೌಂಡಿನ ಬಾಸ್ ಹುಡುಕ್ಕೊಂಡು ಸಿಯೆರಾ ಮಾದ್ರೆ ಬೆಟ್ಟಕ್ಕೆ ಹೋಗಿದ್ದು

ಟೆಕ್ಸಾಸ್‌ಗೆ ಬಂದು ನೆಲೆಸಿದವರಲ್ಲಿ ಕೆಲವರಿಗೆ ಗಾಲ್ಫ್ ಹುಚ್ಚು ಹಿಡಿಯುತ್ತೆ, ಕೆಲವರಿಗೆ ಬಾರ್ಬೆಕ್ಯೂ ಹುಚ್ಚು, ನಂಗೂ ನಮ್ಮ ಭಾವಂಗೂ ಹಿಡಿದಿದ್ದು ಬಾಸ್ ಮೀನಿನ ಹುಚ್ಚು. ಭಾವ ಅಂದ್ರೆ ಅಕ್ಕನ ಗಂಡ, ನನಗಿಂತ ಹತ್ತು ವರ್ಷ ದೊಡ್ಡೋರು, ನನ್ನನ್ನ ಮೊದಲು ಕೆರೆ ದಡಕ್ಕೆ ಎಳ್ಕೊಂಡು ಹೋಗಿದ್ದೇ ಅವರು. ಇಲ್ಲಿ ಬಾಸ್ ಅಂತ ಹೇಳ್ತಿರೋದು ಲಾರ್ಜ್‌ಮೌತ್ ಬಾಸ್, ಉತ್ತರ ಅಮೆರಿಕದ ಸಿಹಿನೀರಿನ ಮೀನು, ಹೋಟೆಲ್ ಮೆನುವಲ್ಲಿ ಬರೋ ಸೀ ಬಾಸೂ ಅಲ್ಲ ಬಾಸಾನೂ ಅಲ್ಲ. ಹಸಿರು ಮೈ, ಪಕ್ಕದಲ್ಲಿ ಉದ್ದಕ್ಕೂ ಕಪ್ಪು ಪಟ್ಟೆ, ಬಾಯಿ ಎಷ್ಟು ದೊಡ್ಡದು ಅಂದ್ರೆ ಮುಚ್ಚಿದಾಗ ದವಡೆ ಕಣ್ಣಿಗಿಂತ ಹಿಂದಕ್ಕೆ ಹೋಗಿರುತ್ತೆ. ತಿನ್ನೋಕೆ ಯಾರೂ ಇದರ ಹಿಂದೆ ಬೀಳಲ್ಲ, ಹಿಡೀತಾರೆ, ತೂಕ ನೋಡ್ತಾರೆ, ಫೋಟೋ ತೆಗೀತಾರೆ, ಬಿಡ್ತಾರೆ. ಊರಲ್ಲಿ ಅಮ್ಮಂಗೆ ಇದನ್ನ ಫೋನಲ್ಲಿ ಹೇಳಿದ್ರೆ, ಬಿಡೋದಾದ್ರೆ ಹಿಡಿಯೋದ್ಯಾಕೆ ಅಂತ ಕೇಳ್ತಾರೆ, ಅದಕ್ಕೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ.

ಇರ್ಲಿ. ಈ ಹುಚ್ಚಲ್ಲಿ ಒಂದು ಗೆರೆ ಇದೆ, 10 ಪೌಂಡು, ಅಂದ್ರೆ ಹೆಚ್ಚೂಕಮ್ಮಿ ನಾಲ್ಕೂವರೆ ಕೇಜಿ. ಅದನ್ನ ದಾಟಿದ್ರೆ ಡಬಲ್ ಡಿಜಿಟ್ ಅಂತಾರೆ, ಟ್ರೋಫಿ ಅಂತಾರೆ. ಟೆಕ್ಸಾಸ್ ರಾಜ್ಯದ ರೆಕಾರ್ಡು 18.18 ಪೌಂಡು, 1992ರ ಜನವರಿಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕಿದ್ದು. ಪ್ರಪಂಚದ ರೆಕಾರ್ಡು 22 ಪೌಂಡು 4 ಔನ್ಸು (16 ಔನ್ಸಿಗೆ ಒಂದು ಪೌಂಡು), ಜಾರ್ಜ್ ಪೆರ್ರಿ ಅನ್ನೋರು 1932ರ ಜೂನ್ 2ರಂದು ಜಾರ್ಜಿಯಾದಲ್ಲಿ ಹಿಡಿದಿದ್ದು, 2009ರಲ್ಲಿ ಜಪಾನಿನ ಬಿವಾ ಕೆರೆಲಿ ಮನಾಬು ಕುರಿಟಾ ಅದಕ್ಕಿಂತ ಒಂದು ಔನ್ಸಿನಷ್ಟೂ ಜಾಸ್ತಿ ಇಲ್ಲದ ಮೀನು ಹಿಡಿದ್ರು, ಹಳೇ ರೆಕಾರ್ಡ್ ಮುರೀಬೇಕಂದ್ರೆ ಕನಿಷ್ಠ 2 ಔನ್ಸ್ ಜಾಸ್ತಿ ಇರ್ಬೇಕು ಅಂತ ರೂಲ್ ಇರೋದ್ರಿಂದ ಇಬ್ಬರ ಹೆಸರೂ ಜೊತೆಗೇ ನಿಲ್ತು. ನಮ್ಮಂಥೋರಿಗೆ ಅದೆಲ್ಲ ಕನಸಲ್ಲೂ ಬರಲ್ಲ, 10 ದಾಟಿದ್ರೆ ಸಾಕಿತ್ತು. ವೀಕೆಂಡ್‌ಗಳಲ್ಲಿ ಮನೆ ಹತ್ತಿರದ ಕೆರೆಗಳಲ್ಲಿ 2 ಪೌಂಡು, 3 ಪೌಂಡು, ಯಾವಾಗ್ಲೋ ಒಂದ್ಸಲ 6 ಅಷ್ಟೇ. ಕೊನೆಗೆ ಭಾವನೇ ಒಂದಿನ ಊಟದ ಟೇಬಲ್ ಮುಂದೆ, "ಲೋ, ಮೆಕ್ಸಿಕೋಗೆ ಹೋಗ್ಬಿಡಣ ಮಾರಾಯ" ಅಂದ್ರು. ಅಕ್ಕ ತಲೆ ಎತ್ತಿ ಇಬ್ಬರನ್ನೂ ನೋಡಿದ್ಲು, ಏನೂ ಅನ್ಲಿಲ್ಲ, ಅದನ್ನೇ ಒಪ್ಪಿಗೆ ಅಂತ ತಗೊಂಡ್ವಿ.

ಮೆಕ್ಸಿಕೋ ಯಾಕೆ ಅಂದ್ರೆ, ಪೆಸಿಫಿಕ್ ಕಡೆ ಸಿನಲೋವಾ ಅಂತ ಒಂದು ರಾಜ್ಯ ಇದೆ, ಅದರ ಬೆನ್ನಿಗೆ ಸಿಯೆರಾ ಮಾದ್ರೆ ಬೆಟ್ಟಸಾಲು, ಅಲ್ಲಿಂದ ಇಳಿದು ಬರೋ ನದಿಗಳಿಗೆಲ್ಲ ನೀರಾವರಿಗೋಸ್ಕರ ಡ್ಯಾಮ್ ಕಟ್ಟಿದಾರೆ. ಆ ಡ್ಯಾಮುಗಳಿಗೆ ಫ್ಲೋರಿಡಾ ತಳಿಯ ಬಾಸ್ ಬಿಟ್ಟಿದಾರೆ, ಈ ತಳಿ ಮಿಕ್ಕಿದ್ದಕ್ಕಿಂತ ದೊಡ್ಡದಾಗಿ ಬೆಳೆಯುತ್ತೆ. ಕಡು ಚಳಿಗಾಲ ಇಲ್ಲದಿರೋದ್ರಿಂದ ವರ್ಷಪೂರ್ತಿ ತಿನ್ಕೊಂಡು ಬೆಳೀತಾನೇ ಇರುತ್ತೆ, ತಿನ್ನೋಕೆ ತಿಲಾಪಿಯಾ ಮೀನು ಬೇಕಾದಷ್ಟು. ಎಲ್ ಸಾಲ್ಟೊ ಅನ್ನೋ ಕೆರೆ ಎಲ್ಲರಿಗೂ ಗೊತ್ತು, ಮಸಾಟ್ಲಾನ್ ಏರ್‌ಪೋರ್ಟಿಂದ ಹತ್ತಿರ, ಜನ ಜಾಸ್ತಿ. ನಾವು ಆರಿಸಿಕೊಂಡಿದ್ದು ಇನ್ನೂ ಮೇಲಕ್ಕಿರೋ ಬಾಕುರಾಟೊ, ಸಿನಲೋವಾ ನದಿಯ ಡ್ಯಾಮು, ಅಮೆರಿಕದೋರು ಅದನ್ನ ಬಾಕರಾಕ್ ಅಂತಾರೆ. ದೂರ, ಆಳ, ಸುತ್ತ ಬೆಟ್ಟ, ದಡದಲ್ಲಿ ಒಂದು ಲಾಡ್ಜು, ಅಷ್ಟು ಸಾಕು ನಮಗೆ.

ನಾವು ಹೋಗಿದ್ದು 2019ರ ಫೆಬ್ರವರಿ ಕೊನೇಲಿ. ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ ಸಿನಲೋವಾಗೆ ಹೋಗಬೇಡಿ ಅಂತ ಅಮೆರಿಕ ಸರ್ಕಾರದ ಲೆವೆಲ್ 4, ಅಂದ್ರೆ ಎಲ್ಲಕ್ಕಿಂತ ಮೇಲಿನ ಹಂತದ ಎಚ್ಚರಿಕೆ 2018ರಿಂದ್ಲೇ ಇದೆ, ಅಷ್ಟಿದ್ರೂ ಮೀನಿನೋರು ಹೋಗ್ತಾ ಬರ್ತಾ ಇದ್ರು. 2024ರ ಸೆಪ್ಟೆಂಬರ್‌ನಲ್ಲಿ ಸಿನಲೋವಾದ ರಾಜಧಾನಿ ಕುಲಿಯಾಕಾನ್ ಸುತ್ತ ಅಲ್ಲಿನ ಗ್ಯಾಂಗಿನೋರು ತಮ್ಮತಮ್ಮಲ್ಲೇ ಬಡಿದಾಡೋಕೆ ಶುರು ಮಾಡಿದ ಮೇಲೆ ಪರಿಸ್ಥಿತಿ ಬೇರೆ. ಈಗ ಹೋಗಬೇಕು ಅನ್ನೋರು ನನ್ನ ಕಥೆ ನಂಬಿಕೊಂಡು ಟಿಕೆಟ್ ಬುಕ್ ಮಾಡಬೇಡಿ, ಆ ವಾರದ ಸುದ್ದಿ ನೋಡಿ ತೀರ್ಮಾನ ಮಾಡಿ.

ಪೇಪರ್ ಕೆಲಸ ನಾನು ಹೆದರಿದಷ್ಟು ಇರ್ಲಿಲ್ಲ. ಇಂಡಿಯನ್ ಪಾಸ್‌ಪೋರ್ಟ್ ಇರೋರಿಗೆ ಮೆಕ್ಸಿಕೋ ವೀಸಾ ಬೇಕು, ಆದ್ರೆ ಚಾಲ್ತಿಲಿರೋ ಅಮೆರಿಕ ವೀಸಾ ಇಲ್ಲಾ ಗ್ರೀನ್ ಕಾರ್ಡ್ ಇದ್ರೆ ಬೇರೆ ವೀಸಾ ಕೇಳಲ್ಲ. ಭಾವಂದು ಗ್ರೀನ್ ಕಾರ್ಡು, ನಂದು ಹೆಚ್‌1ಬಿ, ಸ್ಟಾಂಪ್ ಇನ್ನೂ ಒಂದು ವರ್ಷ ಇತ್ತು. ಆಗೆಲ್ಲ ಇಳಿದ ಮೇಲೆ ಟೂರಿಸ್ಟ್ ಫಾರಂ ಒಂದು ತುಂಬಿಸಿ, ಹರಿದು ಕೊಡೋ ಅರ್ಧ ತುಂಡನ್ನ ವಾಪಸ್ ಬರೋವರೆಗೂ ಜೋಪಾನವಾಗಿ ಇಟ್ಕೋಬೇಕಿತ್ತು. ಮೀನು ಹಿಡಿಯೋ ಲೈಸೆನ್ಸು ಕೊನಾಪೆಸ್ಕಾ ಅನ್ನೋ ಸರ್ಕಾರಿ ಇಲಾಖೇದು, ಬೋಟಿಂದ ಹಿಡಿಯೋದಾದ್ರೆ ಕಡ್ಡಾಯ, ಲಾಡ್ಜಿನೋರೇ ಮುಂಚಿತವಾಗಿ ನಮ್ಮ ವಿವರ ತಗೊಂಡು ಮಾಡಿಸಿಟ್ಟಿದ್ರು. ಪ್ಯಾಕೇಜ್ ಅಂದ್ರೆ ಏರ್‌ಪೋರ್ಟಿಂದ ವ್ಯಾನು, ರೂಮು, ಊಟ, ಬೋಟು, ಗೈಡು ಎಲ್ಲ ಸೇರಿ, ಟಿಪ್ಸ್ ಮಾತ್ರ ಬೇರೆ. ಬುಕ್ ಮಾಡೋವಾಗ ಒಂದು ಪ್ರಶ್ನೆ ಕೇಳಲೇಬೇಕು, ಕೆರೆಲಿ ಈಗ ನೀರಿನ ಮಟ್ಟ ಎಷ್ಟು ಅಂತ. ಇವು ನೀರಾವರಿ ಡ್ಯಾಮುಗಳು, ಕೆಳಗಡೆ ಬಯಲಲ್ಲಿ ಮೆಕ್ಕೆಜೋಳ, ಟೊಮೇಟೊ ಬೆಳೆಯೋರಿಗೆ ನೀರು ಹೋಗ್ತಾ ಹೋಗ್ತಾ ಜೂನ್ ಹೊತ್ತಿಗೆ ಮಟ್ಟ ಎಷ್ಟೋ ಅಡಿ ಇಳಿದಿರುತ್ತೆ, ಮಳೆ ಬಂದ್ರೆ ಮತ್ತೆ ತುಂಬುತ್ತೆ. 2024ರ ಬರದಲ್ಲಂತೂ ಸಿನಲೋವಾದ ಡ್ಯಾಮುಗಳೆಲ್ಲ ತಳ ಕಾಣೋ ಹಂತಕ್ಕೆ ಬಂದಿದ್ವು.

ಸಾಮಾನಿನ ವಿಷಯದಲ್ಲಿ ಭಾವಂಗೂ ನಂಗೂ ಹದಿನೈದು ದಿನ ಜಗಳ. ಅವರು ಎಲ್ಲ ತಗೊಂಡು ಹೋಗಣ ಅನ್ನೋರು. ಕೊನೆಗೆ ಒಬ್ಬೊಬ್ಬರಿಗೆ ನಾಲ್ಕು ರಾಡು, ಎಲ್ಲಾ 7 ಅಡಿ ಆಸುಪಾಸು, ಒಂದು ಹೆವಿ ಅಂದ್ರೆ ತುಂಬಾ ಗಟ್ಟಿ, ಎರಡು ಅದಕ್ಕಿಂತ ಸ್ವಲ್ಪ ಮೆತ್ತನೆಯ ಮೀಡಿಯಂ ಹೆವಿ, ಇನ್ನೊಂದು ಆಳಕ್ಕೆ ಇಳಿಯೋ ಕ್ರ್ಯಾಂಕ್‌ಬೇಟ್ ಅನ್ನೋ ಗಟ್ಟಿ ನಕಲಿ ಮೀನನ್ನ ಎಳೆಯೋಕೆ ಸ್ವಲ್ಪ ಬಾಗೋ ರಾಡು. ಈ ಕೊನೇದನ್ನ ಜನ ಮರೀತಾರೆ. ಕ್ರ್ಯಾಂಕ್‌ಬೇಟಿಗೆ ಮೂರುಮುಳ್ಳಿನ ಗಾಳ ಇರುತ್ತೆ, ರಾಡ್ ಗಟ್ಟಿ ಇದ್ರೆ ಮೀನು ತಲೆ ಒದರಿದಾಗ ಗಾಳ ಬಾಯಿ ಹರ್ಕೊಂಡು ಆಚೆ ಬಂದ್ಬಿಡುತ್ತೆ, ಬಾಗೋ ರಾಡ್ ಆ ಒದರಾಟನ ನುಂಗ್ಕೊಳ್ಳುತ್ತೆ. ಅದಕ್ಕೆ ರೀಲು ಕೂಡ ನಿಧಾನದ್ದು ಬೇಕು, 5ರ ಗೇರ್ ರೇಶಿಯೋದು, ಅಂದ್ರೆ ಹಿಡಿ ಒಂದು ಸುತ್ತು ತಿರುಗಿಸಿದ್ರೆ ರೀಲು ಐದು ಸುತ್ತು, 7ರ ರೀಲಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಆ ಬೇಟ್ ಎಳೆದ್ರೆ ಮಣಿಕಟ್ಟು ಊದ್ಕೊಳ್ಳುತ್ತೆ. ದಾರ 20 ಪೌಂಡ್ ಎಳೆತ ತಡೆಯೋ ಫ್ಲೋರೋಕಾರ್ಬನ್ ಅನ್ನೋ ಪಾರದರ್ಶಕ ಎಳೆ, ಮರಗಳ ಮಧ್ಯ ಹಾಕೋಕೆ 65 ಪೌಂಡ್ ತಡೆಯೋ ಬ್ರೇಡು, ಅಂದ್ರೆ ಹೆಣೆದ ದಾರ. ರಾಡುಗಳೆಲ್ಲ ಒಂದು ಗಟ್ಟಿ ಟ್ಯೂಬಲ್ಲಿ, ಗಾಳ, ಇಕ್ಕಳ, ತೂಕದ ಗುಂಡು ಎಲ್ಲ ಚೆಕ್‌ಇನ್ ಬ್ಯಾಗಲ್ಲಿ, ಕೈಬ್ಯಾಗಲ್ಲಿ ಇಟ್ರೆ ಸೆಕ್ಯುರಿಟಿಲಿ ತೆಗೆದು ಪಕ್ಕಕ್ಕಿಡೋ ಸಾಧ್ಯತೆನೇ ಜಾಸ್ತಿ.

ಡಲ್ಲಾಸಿಂದ ಮಸಾಟ್ಲಾನ್, ಅಲ್ಲಿಂದ ವ್ಯಾನು. ಕುಲಿಯಾಕಾನ್ ದಾಟಿ ಗ್ವಾಮೂಚಿಲ್‌ವರೆಗೂ ಒಳ್ಳೆ ಹೈವೇ, ಎರಡೂ ಕಡೆ ಕಣ್ಣು ಹರಿಯೋವರೆಗೂ ಹೊಲ, ಆಮೇಲೆ ಬಲಕ್ಕೆ ತಿರುಗಿ ಬೆಟ್ಟದ ಕಡೆ. ಡ್ರೈವರ್ ಅರ್ಧ ಇಂಗ್ಲಿಷಲ್ಲಿ ಅರ್ಧ ಕೈಸನ್ನೇಲಿ ಊರುಗಳ ಕಥೆ ಹೇಳ್ತಾ ಇದ್ದ. ಬಾಕುಬಿರಿಟೊ ಅನ್ನೋ ಊರಿನ ಹತ್ತಿರ ಆಕಾಶದಿಂದ ಬಿದ್ದಿದ್ದ ದೊಡ್ಡ ಕಬ್ಬಿಣದ ಉಲ್ಕೆ 1863ರಲ್ಲಿ ಸಿಕ್ಕಿತ್ತು, 4 ಮೀಟರ್‌ಗಿಂತ ಉದ್ದ, 20 ಟನ್ ಆಸುಪಾಸು ತೂಕ, ಈಗ ಕುಲಿಯಾಕಾನ್‌ನ ಸೈನ್ಸ್ ಸೆಂಟರಲ್ಲಿ ಇಟ್ಟಿದಾರೆ. ಭಾವ ಅದನ್ನ ಕೇಳಿ, ಬರ್ತಾ ನೋಡ್ಕೊಂಡು ಬರಣ ಅಂದ್ರು, ಬರ್ತಾ ಯಾರಿಗೂ ನೆನಪಾಗ್ಲಿಲ್ಲ. ಮೇಲಕ್ಕೆ ಹತ್ತಿದ ಹಾಗೆ ರಸ್ತೆ ಕಿರಿದಾಯ್ತು, ಒಣಗಿದ ಕಾಡಿನ ಮಧ್ಯ ಕಂಬದ ಥರ ಕಳ್ಳಿ, ಅಲ್ಲಲ್ಲಿ ಎಲೆನೇ ಇಲ್ಲದೆ ಮೈತುಂಬ ಗುಲಾಬಿ ಹೂ ಬಿಟ್ಟ ಅಮಾಪಾ ಮರ. ಕೆರೆ ಕಾಣಿಸಿದಾಗ ಸಂಜೆಯಾಗಿತ್ತು. ಫೋನ್ ಸಿಗ್ನಲ್ ಯಾವಾಗ ಹೋಯ್ತೋ ಗೊತ್ತಾಗ್ಲಿಲ್ಲ.

ಲಾಡ್ಜು ದೊಡ್ಡದೇನಲ್ಲ, ಸಾಲಾಗಿ ರೂಮು, ಮುಂದೆ ಉದ್ದದ ವರಾಂಡ, ಕೆಳಗೆ ಬೋಟುಗಳು. ಊಟಕ್ಕೆ ಬೀನ್ಸು, ಟೋರ್ಟಿಯಾ, ಹುರಿದ ತಿಲಾಪಿಯಾ. ಊಟ ಮುಗಿಸ್ತಾ ಇದ್ದ ಹಾಗೆ ನಮ್ಮ ಗೈಡು ಬಂದು ಪರಿಚಯ ಮಾಡ್ಕೊಂಡ, ಐವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಅವನು ಕೇಳಿದ್ದು ಒಂದೇ ಪ್ರಶ್ನೆ, ತುಂಬಾ ಮೀನು ಬೇಕಾ, ದೊಡ್ಡ ಮೀನು ಬೇಕಾ? ಭಾವ ನಕ್ಕು ಎರಡೂ ಅಂದ್ರು. ಅವನು ನಗ್ಲಿಲ್ಲ. ಎರಡೂ ಆಗಲ್ಲ ಅಮೀಗೊ, ನಾಳೆ ಬೆಳಗ್ಗೆ ಬೋಟ್ ಹತ್ತೋವಾಗ ಹೇಳಿ ಅಂದು ಹೋದ.

ನನಗೆ ಅದು ಗೈಡುಗಳ ಸ್ಟೈಲು ಅನ್ನಿಸ್ತು ಮೊದಲು. ಆದ್ರೆ ಮುಂದೆ ನಡೆದಿದ್ದೆಲ್ಲ ಆ ಪ್ರಶ್ನೆ ಮೇಲೇ ನಿಂತಿತ್ತು.

ಬೆಳಗ್ಗೆ 6ಕ್ಕೆ ಇನ್ನೂ ಕತ್ತಲು, ಚಳಿ, ಜಾಕೆಟ್ ಹಾಕ್ಕೊಂಡೇ ಬೋಟ್ ಹತ್ತಿದ್ವಿ. ಅಲ್ಯೂಮಿನಿಯಂ ಬೋಟು, ಮುಂದೆ ಒಬ್ಬರು, ಹಿಂದೆ ಒಬ್ಬರು, ಗೈಡು ಟ್ರೋಲಿಂಗ್ ಮೋಟರ್ ಅನ್ನೋ ಸಣ್ಣ ಕರೆಂಟ್ ಮೋಟರ್ ನಡೆಸ್ತಾ. ಭಾವ ನಂಗೆ ತುಂಬಾ ಮೀನು ಅಂದ್ರು, ನಾನು ದೊಡ್ಡದು ಅಂದೆ. ಒಂದೇ ಬೋಟಲ್ಲಿ ಇಬ್ಬರಿಗೂ ಬೇರೆ ಬೇರೆ ಬೇಕು ಅಂದ್ರೆ ಗೈಡಿಗೆ ತಲೆನೋವು, ಆದ್ರೂ ಅವನು ತಲೆ ಆಡಿಸಿ ದಡಕ್ಕೂ ಆಳಕ್ಕೂ ಮಧ್ಯ ಬೋಟ್ ಇಟ್ಕೊಂಡ. ಭಾವ ದಡದ ಕಡೆ 5 ಇಂಚಿನ ಬಿಳಿ ಫ್ಲೂಕ್, ಅಂದ್ರೆ ಮೆತ್ತನೆ ಪ್ಲಾಸ್ಟಿಕ್ ಮೀನು, ಎಸೆಯೋಕೆ ಶುರು ಮಾಡಿದ್ರು, ಅಷ್ಟೇ, ಎಸೆದ ಸಲಕ್ಕೆಲ್ಲ ಮೀನು ಅನ್ನೋ ಹಾಗೆ, ಒಂದೂವರೆ ಪೌಂಡು, ಎರಡು, ಎರಡೂವರೆ. ಇವೆಲ್ಲ ಹೆಚ್ಚಾಗಿ ಗಂಡು ಮೀನುಗಳು, ಬಾಸ್‌ನಲ್ಲಿ ಗೂಡು ಮಾಡಿ ಮೊಟ್ಟೆ ಕಾಯೋದು ಗಂಡೇ, ಅದಕ್ಕೆ ಆ ಟೈಮಲ್ಲಿ ದಡದ ಹತ್ತಿರ ಇರುತ್ವೆ, ಯಾವುದು ಹತ್ತಿರ ಬಂದ್ರೂ ಕಚ್ಚುತ್ವೆ. ಅವು ನಾಲ್ಕೈದು ಪೌಂಡು ದಾಟೋದೇ ಅಪರೂಪ. ಟ್ರೋಫಿ ಅಂದ್ರೆ ಹೆಣ್ಣು, ಅದು ಮೊಟ್ಟೆ ಇಟ್ಟು ಆಳಕ್ಕೆ ಹೋಗ್ಬಿಟ್ಟಿರುತ್ತೆ.

ನನ್ನ ಕೈಲಿ ಗೈಡು ಕೊಟ್ಟಿದ್ದು 10 ಇಂಚಿನ ರಬ್ಬರ್ ಹುಳು, ಅರ್ಧ ಔನ್ಸಿನ ಟಂಗ್‌ಸ್ಟನ್ ಗುಂಡು, 5/0 ಅನ್ನೋ ದೊಡ್ಡ ಸೈಜಿನ ಗಾಳ, ಗಾಳದ ಮೊನೆ ಹುಳುವಿನ ಒಳಗೇ ಹುದುಗಿಸಿ ಕಟ್ಟೋ ಟೆಕ್ಸಾಸ್ ರಿಗ್. ಎಸಿ, ತಳ ಮುಟ್ಟೋವರೆಗೂ ಕಾಯಿ, ಎಳಿ, ನಿಲ್ಲಿಸು. ನಾನು ಎಳೆಯೋ ಸ್ಪೀಡು ನೋಡಿ ದೆಸ್ಪಾಸಿಯೊ ದೆಸ್ಪಾಸಿಯೊ ಅಂತ ಇದ್ದ, ನಿಧಾನ ನಿಧಾನ ಅಂತ. ನಾನು ನಿಧಾನ ಮಾಡಿದ್ರೆ ಇನ್ನೂ ನಿಧಾನ ಅನ್ನೋನು. ಹಿಂದೆ ಭಾವ "ಬಂತು! ಇನ್ನೊಂದು ಬಂತು!" ಅಂತ ಕೂಗ್ತಾ ಇರೋವಾಗ, ಮುಂದೆ ನಿಂತು ಒಂದು ರಬ್ಬರ್ ಹುಳುವನ್ನ ಕೆಸರಲ್ಲಿ ಎಳೀತಾ ಇರೋದು ಎಷ್ಟು ಕಷ್ಟ ಅಂತ ಅನುಭವಿಸಿದೋರಿಗೇ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಹೆಬ್ಬೆರಳು ಮೀನಿನ ಹಲ್ಲು ತಾಗಿ ತಾಗಿ ಸಿಪ್ಪೆ ಎದ್ದುಹೋಗಿತ್ತು, ನಂದು ನೀಟಾಗಿತ್ತು. 11ಕ್ಕೆ ವಾಪಸ್, ಊಟ, ಎಲ್ಲರೂ ಎರಡು ಗಂಟೆವರೆಗೂ ನಿದ್ದೆ, ಮತ್ತೆ ಸಂಜೆವರೆಗೂ ನೀರಲ್ಲಿ, ಅದೇ ದಿನಚರಿ.

ಆ ಸಂಜೆ ವರಾಂಡದಲ್ಲಿ ಗೈಡನ್ನ ಕೂರಿಸಿ ಕೇಳಿದೆ, ಯಾಕೆ ಎರಡೂ ಆಗಲ್ಲ ಅಂತ. ಅವನು ಹೇಳಿದ್ದನ್ನ ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ದೊಡ್ಡ ಮೀನು ಸೋಮಾರಿ, ಅದಕ್ಕೆ ಮೈ ಇದೆ, ಆ ಮೈಯನ್ನ ಓಡಾಡಿಸೋಕೆ ಶಕ್ತಿ ಬೇಕು, ಇಪ್ಪತ್ತು ಚಿಕ್ಕ ಮೀನು ಅಟ್ಟಿಸ್ಕೊಂಡು ಹೋಗೋ ಬದಲು ಅಂಗೈ ಅಗಲದ ಒಂದು ತಿಲಾಪಿಯಾನ ನುಂಗಿ ಸುಮ್ಮನೆ ನಿಂತಿರುತ್ತೆ. ಅದು ನಿಲ್ಲೋ ಜಾಗಗಳು ಈ ಕೆರೆಲಿ ಬೆರಳೆಣಿಕೆ, ಮುಳುಗಿರೋ ಗುಡ್ಡದ ತಲೆ, ಹಳೇ ನದಿ ಪಾತ್ರದ ಅಂಚು, ಪಕ್ಕದಲ್ಲೇ ಆಳ ಇರ್ಬೇಕು. ದಿನಪೂರ್ತಿ ತಿನ್ನಲ್ಲ, ತಿನ್ನೋ ಹೊತ್ತು ಇಪ್ಪತ್ತು ನಿಮಿಷನೋ ಅರ್ಧ ಗಂಟೆನೋ, ಆ ಹೊತ್ತಲ್ಲಿ ನೀನು ದಡದಲ್ಲಿ ಎರಡು ಪೌಂಡಿನ ಮೀನಿನ ಬಾಯಿಂದ ಗಾಳ ಬಿಡಿಸ್ತಾ ಇದ್ರೆ ಮುಗೀತು. ಚಿಕ್ಕ ಮೀನು ಹಿಡಿಯೋದು ಹೊತ್ತು ತಿನ್ನುತ್ತೆ, ಅಷ್ಟೇ ಅವನ ವಾದ. ಕೇಳಿದ್ರೆ ಸಿಂಪಲ್ಲು. ಆದ್ರೆ ಕಚ್ಚೋ ಮೀನನ್ನ ಬಿಟ್ಟು ಕಚ್ಚದೇ ಇರೋ ಮೀನಿನ ಹತ್ರ ಹೋಗಿ ನಿಂತ್ಕೋ ಅಂತ ಮನಸ್ಸಿಗೆ ಹೇಳೋದಿದ್ಯಲ್ಲ, ಅದು ಸಿಂಪಲ್ಲಲ್ಲ.

ಅವನು ಇನ್ನೊಂದು ವಿಷಯ ಹೇಳಿದ, ಅದು ನನಗೆ ಮೀನಿಗಿಂತ ಹೆಚ್ಚು ತಲೇಲಿ ಕೂತಿದೆ. ಬೆಳಗ್ಗೆ ನಾವು ಹೋಗೋ ಹೊತ್ತಿಗೆ ಊರಿನೋರು ಚಿಕ್ಕ ದೋಣಿಲಿ ಬಲೆ ಎತ್ಕೊಂಡು ವಾಪಸ್ ಬರ್ತಾ ಇರ್ತಾರೆ, ತಿಲಾಪಿಯಾ ಬಲೆ. ಟೂರಿಸ್ಟುಗಳು ಅದನ್ನ ನೋಡಿ, ಬಲೆ ಹಾಕಿದ್ರೆ ಬಾಸ್ ಹಾಳಾಗುತ್ತೆ ಅಂತ ಗೊಣಗ್ತಾರೆ, ಬಲೇಲಿ ಬಾಸ್ ಸಿಕ್ಕಿಹಾಕ್ಕೊಳ್ಳೋದೂ ನಿಜ. ಆದ್ರೆ ಈ ಡ್ಯಾಮ್ ಕಟ್ಟಿದ್ದು ಹೊಲಕ್ಕೆ ನೀರಿಗೆ, ತಿಲಾಪಿಯಾ ಬಿಟ್ಟಿದ್ದು ಜನ ತಿನ್ನೋಕೆ, ಬಾಸ್ ಅದನ್ನ ತಿಂದು ದಪ್ಪ ಆಗಿರೋದು, ನಾವು ಬಂದಿರೋದು ಅದರ ಮೇಲೆ. ಅವನ ಅಣ್ಣ ಬಲೆ ಹಾಕ್ತಾನೆ, ಇವನು ಗೈಡು. ಒಂದೇ ಮನೆ. ಇದರಲ್ಲಿ ಯಾರು ಯಾರ ಕೆರೆ ಹಾಳು ಮಾಡ್ತಿದಾರೆ ಅಂತ ಹೇಳೋ ಧೈರ್ಯ ನಂಗಿಲ್ಲ, ಅವತ್ತು ಊಟಕ್ಕೆ ತಿಂದಿದ್ದೂ ಅದೇ ಬಲೆಯ ಮೀನು.

ಮಾರನೇ ದಿನದಿಂದ ಗೈಡು ನನ್ನ ಕೈಗೆ ಆಳದ ಕ್ರ್ಯಾಂಕ್‌ಬೇಟ್ ಕೊಟ್ಟ, 20 ಅಡಿವರೆಗೂ ಇಳಿಯೋದು, ಮೂತಿಗೆ ಸೌಟಿನ ಥರ ಪ್ಲಾಸ್ಟಿಕ್ ತುಟಿ. ನೀರಿನ ಆಳ, ಮೀನು ತೋರಿಸೋ ಫಿಶ್ ಫೈಂಡರ್ ಸ್ಕ್ರೀನಲ್ಲಿ ಸುತ್ತ 100 ಅಡಿಗಿಂತ ಜಾಸ್ತಿ ಆಳ ತೋರಿಸ್ತಿತ್ತು, ಮಧ್ಯ ಒಂದು ಗುಡ್ಡ 17 ಅಡಿಗೆ ಎದ್ದಿತ್ತು. ಇದರಲ್ಲಿ ಗುಟ್ಟು ಏನಂದ್ರೆ ದೂರ ಎಸೀಬೇಕು. ಎಸೆದ ತಕ್ಷಣ ಅದು ಆಳಕ್ಕೆ ಹೋಗಲ್ಲ, ಎಳೀತಾ ಎಳೀತಾ ಇಳಿಯುತ್ತೆ, ಬೋಟಿನ ಹತ್ರ ಬರ್ತಾ ಮತ್ತೆ ಮೇಲೇರುತ್ತೆ, ಅಂದ್ರೆ ಪೂರ್ತಿ ಆಳದಲ್ಲಿರೋದು ಮಧ್ಯದ ಸ್ವಲ್ಪ ದೂರ ಮಾತ್ರ, ಆ ಸ್ವಲ್ಪ ದೂರ ಗುಡ್ಡದ ತಲೆ ಮೇಲೆ ಬರೋ ಹಾಗೆ ಲೆಕ್ಕ ಹಾಕಿ ನಿಲ್ಲಬೇಕು. ತಳ ಮುಟ್ಟಬೇಕು, ಕಲ್ಲಿಗೆ ಬೊಡ್ಡೆಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ಹಾರ್ಬೇಕು, ಮೀನು ಹೊಡೆಯೋದು ಆ ಹಾರೋ ಕ್ಷಣದಲ್ಲೇ. ಸುಮ್ನೆ ನೀರಲ್ಲಿ ಈಜ್ಕೊಂಡು ಬಂದ್ರೆ ನೋಡ್ತಾ ನಿಂತಿರುತ್ತೆ.

ಮೊದಲ ದೊಡ್ಡ ಮೀನು ಹತ್ತಿದ್ದು ಕ್ರ್ಯಾಂಕಿಗಲ್ಲ, ಹುಳುವಿಗೆ. ಮುಳುಗಿದ ಮರಗಳ ಪಕ್ಕ, ಟಕ್ ಅಂತ ಒಂದು ಸಣ್ಣ ಏಟು, ದಾರ ಪಕ್ಕಕ್ಕೆ ಸರೀತು, ಸಡಿಲ ಎಲ್ಲ ಸುತ್ತಿ ಎಳೆದೆ, ಆ ಕಡೆಯಿಂದ ಯಾರೋ ವಾಪಸ್ ಎಳೆದ್ರು. ಮೂರು ಸೆಕೆಂಡು. ಮೀನು ಮರದೊಳಗೆ ಹೋಗಿ ದಾರ ಕೊಂಬೆಗೆ ಸುತ್ತಿ ಪಟ್ ಅಂತು. ಗೈಡು ನನ್ನ ಮುಖ ನೋಡಲೇ ಇಲ್ಲ, ಸುಮ್ನೆ ಫ್ಲೋರೋಕಾರ್ಬನ್ ರಾಡ್ ತಗೊಂಡು ಕೆಳಗಿಟ್ಟು ಬ್ರೇಡ್ ಇರೋದನ್ನ ಕೊಟ್ಟ. ಭಾವ ಹಿಂದಿನಿಂದ, "ಎಷ್ಟಿತ್ತು?" ಅಂದ್ರು. "ನೋಡ್ಲಿಲ್ಲ ಭಾವ." "ಹಂಗಾದ್ರೆ ಹನ್ನೆರಡು ಅಂತ ಇಟ್ಕೋ, ಯಾರು ಕೇಳ್ತಾರೆ."

ಅಲ್ಲಿಂದ ಮುಂದೆ ತುಂಬಾ ಹೊತ್ತು ಏನೂ ಇಲ್ಲ. ಬರೆಯೋಕೂ ಏನಿಲ್ಲ. ಬಿಸಿಲು, ಸತ್ತ ಮರಗಳ ಮೇಲೆ ರೆಕ್ಕೆ ಒಣಗಿಸ್ಕೊಂಡು ಕೂತಿರೋ ನೀರುಕಾಗೆಗಳು, ಮುಂಗೈ ನೋವು. ಭಾವನೂ ಚಿಕ್ಕ ಮೀನು ಹಿಡಿದೂ ಹಿಡಿದೂ ಬೇಜಾರಾಗಿ, ಬೋಟಲ್ಲಿ ಕೂತು ಕಿತ್ತಳೆ ಸುಲೀತಾ ಇದ್ರು. ಒಂದು ಮಧ್ಯಾಹ್ನ ಗೈಡು ನಿದ್ದೆಗೆ ಬಿಡದೆ ಎಬ್ಬಿಸಿದ, ಗಾಳಿ ಶುರುವಾಗಿದೆ, ಬನ್ನಿ ಅಂತ. ಗಾಳಿ ಬಂದ್ರೆ ನೀರಿನ ಮೇಲ್ಮೈ ಒಡೆದು ಬೆಳಕು ಒಳಗೆ ಕಮ್ಮಿ ಇಳಿಯುತ್ತೆ, ತಿಲಾಪಿಯಾ ಗುಂಪನ್ನೂ ಗಾಳಿ ಒಂದು ಕಡೆ ತಳ್ಳುತ್ತೆ, ದೊಡ್ಡದು ಧೈರ್ಯ ಮಾಡೋದು ಆಗ. ಅದೇ 17 ಅಡಿ ಗುಡ್ಡ. ಗಾಳಿಗೆ ಎದುರಾಗಿ ಎಸೆದಾಗ ದಾರ ರೀಲಲ್ಲಿ ಹಕ್ಕಿಗೂಡಿನ ಥರ ಸಿಕ್ಕಾಗಿ ಎರಡು ಸಲ ಬಿಡಿಸಿದೆ, ಗೈಡು ಬೋಟ್ ತಿರುಗಿಸಿ ಗಾಳಿ ಬೆನ್ನಿಗೆ ಬರೋ ಹಾಗೆ ಮಾಡಿದ.

ಬೇಟು ತಳಕ್ಕೆ ಉಜ್ಜಿತು, ಬೊಡ್ಡೆಗೆ ಹೊಡೀತು, ನಿಂತೇಬಿಡ್ತು. ಸಿಕ್ಕಿಹಾಕ್ಕೊಂಡ್ತು ಅನ್ಕೊಂಡೆ. ಆಮೇಲೆ ಆ ಬೊಡ್ಡೆ ನಡೆಯೋಕೆ ಶುರು ಮಾಡ್ತು.

ಕ್ರ್ಯಾಂಕ್‌ಬೇಟಲ್ಲಿ ಮೇಲಕ್ಕೆ ಜಗ್ಗಬಾರ್ದು, ರಾಡನ್ನ ಪಕ್ಕಕ್ಕೆ ಗುಡಿಸ್ದಂಗೆ ಎಳೀಬೇಕು, ಅಷ್ಟು ಮಾಡಿದೆ. ಮೀನು ಆಳಕ್ಕೆ ಹೋಗ್ತಾ ಇದ್ರೆ ಒಳ್ಳೇದು, ಮೇಲಕ್ಕೆ ಬಂದು ಹಾರಿದ್ರೆ ಗಾಳ ಉದುರೋ ಚಾನ್ಸ್ ಜಾಸ್ತಿ, ದಾರ ಮೇಲೇಳೋದು ಕಂಡ ಕೂಡ್ಲೇ ಗೈಡು ಕೂಗಿದ, ನಾನು ರಾಡ್ ತುದಿನ ನೀರೊಳಗೆ ಅದ್ದಿ ಎಳೆದೆ, ಹಾರೋಕೆ ಬಂದಿದ್ದು ಅರ್ಧ ಮೈ ತೋರಿಸಿ ತಲೆ ಒದರಿ ಮತ್ತೆ ಒಳಗೆ ಹೋಯ್ತು. ಆ ಅರ್ಧ ಮೈ ನೋಡಿ ಭಾವ ಕಿತ್ತಳೆ ಬಿಸಾಕಿ ಎದ್ದು ನಿಂತ್ರು. ಗೈಡು ಬಲೆಬುಟ್ಟಿನ ಮೊದಲೇ ನೀರೊಳಗೆ ಹಿಡಿದು ಅಲ್ಲಾಡದೆ ಕೂತಿದ್ದ, ಮೀನಿನ ಕಡೆ ಬುಟ್ಟಿ ಚಾಚಬಾರ್ದು, ಬುಟ್ಟಿ ಮೇಲೆ ಮೀನನ್ನ ತರ್ಬೇಕು, ತಲೆ ಮೊದಲು. ಬಂತು. ಒಳಗೆ ಬಿದ್ದ ಮೇಲೆ ನೋಡಿದ್ರೆ ಮೂರು ಮುಳ್ಳಲ್ಲಿ ಒಂದೇ ಒಂದು ಮುಳ್ಳು, ಅದೂ ತುಟಿಯ ತೊಗಲಿಗೆ.

ಕೈ ನಡುಗ್ತಿತ್ತು, ಸುಳ್ಳು ಹೇಳಲ್ಲ. ಕೈ ಒದ್ದೆ ಮಾಡ್ಕೊಂಡು ಹಿಡೀಬೇಕು, ಒಣಕೈಯಲ್ಲಿ ಹಿಡಿದ್ರೆ ಅದರ ಮೈ ಮೇಲಿನ ಲೋಳೆ ಹೋಗುತ್ತೆ, ಅದೇ ಅದಕ್ಕೆ ರೋಗ ತಡೆಯೋ ಪದರ. ಇಷ್ಟು ತೂಕದ್ದನ್ನ ಬರೀ ದವಡೆಲಿ ಹಿಡಿದು ನೇತಾಡಿಸಿದ್ರೆ ದವಡೆ ಕೀಲಿಗೆ ಪೆಟ್ಟು, ಇನ್ನೊಂದು ಕೈ ಹೊಟ್ಟೆ ಕೆಳಗೆ ಕೊಟ್ಟು ಅಡ್ಡಕ್ಕೆ ಹಿಡೀಬೇಕು. ಅಳತೆ ತಗೊಂಡ್ವಿ, ಉದ್ದ 26 ಇಂಚು, ಸುತ್ತಳತೆ 18.5 ಇಂಚು. ಇದಕ್ಕೊಂದು ಲೆಕ್ಕ ಇದೆ, ಸುತ್ತಳತೆಯನ್ನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದ್ರೆ ಪೌಂಡಲ್ಲಿ ತೂಕ ಬರುತ್ತೆ ಹೆಚ್ಚೂಕಮ್ಮಿ. 11.1 ಬಂತು. ತಕ್ಕಡಿಲಿ ಮಾತ್ರ 10 ಪೌಂಡು 14 ಔನ್ಸು. ಭಾವ ಲೆಕ್ಕನೇ ಸರಿ, ಬೋಟ್ ಅಲ್ಲಾಡ್ತಿದೆ, ತಕ್ಕಡಿ ಸುಳ್ಳು ಹೇಳುತ್ತೆ, ಹನ್ನೊಂದು ಅಂತ್ಲೇ ಹೇಳು ಅಂತ ವಾದ. ಗೈಡು ತಕ್ಕಡಿ ಕಡೆ ಬೆರಳು ತೋರಿಸಿ ಸುಮ್ಮನಾದ. ಎರಡು ಫೋಟೋ, ಅಷ್ಟರಲ್ಲಿ ನಿಮಿಷ ಆಯ್ತು, ನೀರಿಗಿಟ್ಟು ಕೈಲಿ ಹಿಡಿದುಕೊಂಡಿದ್ದೆ, ಕಿವಿರು ಎರಡು ಸಲ ತೆರೆದು ಮುಚ್ಚಿ ಒಂದೇ ಏಟಿಗೆ ನನ್ನ ಮುಖಕ್ಕೆ ನೀರೆರಚಿ ಹೋಯ್ತು.

ನಾನು ಕೂತ್ಕೊಂಡೆ. ಗೈಡು ಕೂರೋಕೆ ಬಿಡ್ಲಿಲ್ಲ, ಎಸಿ ಎಸಿ ಅಂದ. ಒಂದು ಹತ್ತಿದ್ರೆ ಗುಂಪಲ್ಲಿ ಮಿಕ್ಕಿದ್ದಕ್ಕೂ ಹುರುಪು ಬರುತ್ತೆ, ಆ ಹೊತ್ತು ಫೋಟೋ ನೋಡ್ತಾ ಕೂತ್ರೆ ಹೋಯ್ತು. ಭಾವ ಆಗ ಏನೂ ಹೇಳದೆ ಕೇಳದೆ ನನ್ನ ಬಾಕ್ಸಿಂದ ಅದೇ ಕಲರಿನ ಇನ್ನೊಂದು ಕ್ರ್ಯಾಂಕ್‌ಬೇಟ್ ತೆಗೆದು ಕಟ್ಕೊಂಡ್ರು. ಅರ್ಧ ಗಂಟೆಲಿ ನಂಗೆ ಒಂದು 7, ಅವರಿಗೆ ಒಂದು 8 ಪೌಂಡು ಚಿಲ್ರೆ, ಅವರ ಜೀವನದ ದೊಡ್ಡ ಮೀನು. ಆಮೇಲೆ ಬಾಗಿಲು ಹಾಕಿದಂಗೆ ನಿಂತ್ಹೋಯ್ತು. ಗಾಳಿ ಇತ್ತು, ಗುಡ್ಡ ಇತ್ತು, ಮೀನಿನ ಗುರುತೂ ಫೈಂಡರಲ್ಲಿ ಕಾಣ್ತಿತ್ತು, ಒಂದೂ ಕಚ್ಲಿಲ್ಲ.

ಹೊರಡೋ ಹಿಂದಿನ ಸಂಜೆವರೆಗೂ ಅದೇ ಗುಡ್ಡಕ್ಕೆ ಹೋಗ್ತಿದ್ವಿ, ಹತ್ತು ದಾಟಿದ್ದು ಮತ್ತೆ ಸಿಗ್ಲಿಲ್ಲ. ಲಾಡ್ಜಲ್ಲಿ ಇದ್ದ ಇನ್ನೊಂದು ಪಾರ್ಟಿಯೋರು ಊಟದ ಹೊತ್ತಲ್ಲಿ ಇವತ್ತು ನೂರು ಮೀನು, ನೂರಿಪ್ಪತ್ತು ಮೀನು ಅಂತ ಲೆಕ್ಕ ಹೇಳ್ತಿದ್ರು, ಅವರ ಖುಷಿನೂ ನಿಜವಾದದ್ದೇ, ಅದರಲ್ಲಿ ತಪ್ಪಿಲ್ಲ. ಮಕ್ಕಳನ್ನೋ ಹೊಸಬರನ್ನೋ ಕರ್ಕೊಂಡು ಹೋಗೋರಿಗೆ ನಾನೂ ಅದನ್ನೇ ಹೇಳೋದು, ಫ್ಲೂಕ್ ಕಟ್ಟಿ ದಡಕ್ಕೆ ಎಸೆಯಿರಿ ಅಂತ. ಟ್ರೋಫಿಗೆ ಹೋಗೋದಾದ್ರೆ ಮಾತ್ರ ಮನೇಲಿ ಇದ್ದಾಗ್ಲೇ ಜೊತೆಗಾರನ ಹತ್ರ ಮಾತಾಡ್ಕೊಂಡು ಇಬ್ಬರೂ ಒಂದೇ ಕಡೆ ಇರಿ, ಬೋಟ್ ಇಬ್ಭಾಗ ಆದ್ರೆ ಗೈಡು ಇಬ್ಬರಿಗೂ ಅರ್ಧರ್ಧನೇ ಕೊಡೋಕಾಗೋದು. ಮೀನನ್ನ ಕೊಂದು ಗೋಡೆಗೆ ಹಾಕೋ ಕಾಲನೂ ಹೋಯ್ತು, ಉದ್ದ, ಸುತ್ತಳತೆ, ಪಕ್ಕದಿಂದ ತೆಗೆದ ಒಂದು ಒಳ್ಳೆ ಫೋಟೋ ಕೊಟ್ರೆ ಫೈಬರ್‌ಗ್ಲಾಸಲ್ಲಿ ಮಾಡಿಕೊಡೋರು ಇದಾರೆ. ನಾನು ಮಾಡಿಸ್ಲಿಲ್ಲ. ಭಾವ ತಮ್ಮ 8 ಪೌಂಡಿನದ್ದಕ್ಕೆ ಆರ್ಡರ್ ಕೊಡೋಕೆ ಹೊರಟಿದ್ರು, ಅಕ್ಕ ಯಾವ ಗೋಡೆಗೆ ಅಂತ ಕೇಳಿದ ಮೇಲೆ ಸುಮ್ಮನಾದ್ರು.

ಅವರು ಅಲ್ಲಿಂದ ಬಂದ ಮೇಲೆ ಫ್ಲೂಕ್ ಮುಟ್ಟೇ ಇಲ್ಲ. ಶನಿವಾರ ಬೆಳಗ್ಗೆ ಲೇಕ್ ಫೋರ್ಕ್‌ಗೆ ಹೋಗಿ 10 ಇಂಚಿನ ಹುಳು ಕಟ್ಕೊಂಡು ಸಂಜೆವರೆಗೂ ಒಂದೇ ಗುಡ್ಡದ ಮೇಲೆ ನಿಂತಿರ್ತಾರೆ, ಹೆಚ್ಚಿನ ಸಲ ಒಂದೂ ಮೀನಿಲ್ಲದೆ ಸುಟ್ಟ ಮುಖ ಹೊತ್ಕೊಂಡು ಬರ್ತಾರೆ, ಅಕ್ಕ ಅದಕ್ಕೆ ನನ್ನನ್ನ ಬೈತಾಳೆ, ಮೊದಲು ಕೆರೆ ದಡಕ್ಕೆ ಎಳ್ಕೊಂಡು ಹೋಗಿದ್ದು ಅವರೇ ಅಂದ್ರೂ ಕೇಳಲ್ಲ.